ಯಾರ ತಾರೀಖಿಗೆ ಯಾವ ಕಾಲೇಜು

ನನ್ನ ಹಾಲುಹಲ್ಲು ಬೀಳಲು ಶುರುವಾದದ್ದು ಮೂರನೇ ಇಯತ್ತೆಯಲ್ಲಿ. ಬಿಬಿಎ ಓದಲು ಯಾವ ಊರಿಗೆ ಹೋಗಬೇಕೆಂಬ ಪ್ರಶ್ನೆಗೂ ಆ ಹಲ್ಲಿಗೂ ಸಂಬಂಧವಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಆದರೆ ಸಂಬಂಧವಿತ್ತು. ಒಂದನೇ ಇಯತ್ತೆಯಲ್ಲಿ ನನ್ನ ಸಾಲಿನ ಹುಡುಗಿಯರೆಲ್ಲ ಬೊಚ್ಚುಬಾಯಿ ತೆರೆದು ಮಗ್ಗಿ ಹೇಳುವಾಗ ನಾನೊಬ್ಬಳು ಅಷ್ಟೂ ಹಲ್ಲನ್ನು ಭದ್ರವಾಗಿ ಇಟ್ಟುಕೊಂಡು ಕೂತಿರುತ್ತಿದ್ದೆ. ಎತ್ತರದ ಪ್ರಕಾರ ನಿಲ್ಲಿಸಿದರೆ ನಾನೇ ಎಲ್ಲರಿಗಿಂತ ಗಿಡ್ಡ. "ವಯಸ್ಸಿಗಿ ತಕ್ಕಂಗ ಬೆಳದಿಲ್ಲ ನೋಡ್ರಿ ಈ ಹುಡುಗಿ, ಏನರೆ ಛಲೋದು ತಿನ್ನಸ್ರಿ" ಎಂದು ಮಾಸ್ತರರು ಅವ್ವನಿಗೆ ಹೇಳಿದರೆ, ಅವ್ವ ಸೆರಗು ಸರಿಮಾಡಿಕೊಂಡು ಸುಮ್ಮನೆ ಹೊರಟುಬಿಡುತ್ತಿದ್ದಳು. ಮನೆಗೆ ಬಂದ ಮೇಲೆ ತುಪ್ಪವೂ ಇಲ್ಲ, ಹೆಚ್ಚಿನ ಹಾಲೂ ಇಲ್ಲ. ಅವಳಿಗೆ ನನ್ನ ಬೆಳವಣಿಗೆಯ ಚಿಂತೆಯೇ ಇದ್ದಂತಿರಲಿಲ್ಲ. ನನಗೆ ಮಾತ್ರ ಎಲ್ಲದರಲ್ಲೂ ಹಿಂದೆ ಬಿದ್ದವಳೆಂಬ ಸಿಟ್ಟು. ಆ ಸಿಟ್ಟು ಮೂಗಿನ ತುದಿಯಲ್ಲೇ ಉಳಿದುಬಿಟ್ಟಿತು, ಈಗಲೂ ಇದೆ.

ನಮ್ಮೂರು ಕಾಗವಾಡದ ಹತ್ತಿರ. ಮನೆಯ ಹಿಂದೆ ದ್ರಾಕ್ಷಿ ತೋಟ, ಅದರಾಚೆ ಕಬ್ಬು. ಅಪ್ಪ ಒಂದು ಗೇಣು ನೆಲ ಸಿಕ್ಕರೂ ಬಳ್ಳಿ ಹಚ್ಚುವ ಮನುಷ್ಯ. ಅಂಥವನು ತೋಟದ ಪಡುವಣ ಮೂಲೆಯಲ್ಲಿ ನಾಲ್ಕು ಬಳ್ಳಿ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟಿದ್ದ. ಅಲ್ಲೊಂದು ಮೊಣಕಾಲೆತ್ತರದ ಕಲ್ಲು. ಪ್ರತಿ ಅಮಾವಾಸ್ಯೆಗೆ ಅವ್ವ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಯಾವ ದೇವರು ಎಂದು ಕೇಳಿದರೆ, "ನಿನ್ನ ಕಲ್ಲ ಅದು. ನೀರ ಹಾಕು, ಮಾತಾಡಬ್ಯಾಡ" ಎನ್ನುತ್ತಿದ್ದಳು. ನನಗೋ ಬಹಳ ಹೆಮ್ಮೆ. ಊರಿಗೆಲ್ಲ ಸೇರಿ ಒಂದು ದೇವರಾದರೆ ನನಗೊಬ್ಬಳಿಗೇ ಒಂದು ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿದ್ದೆ. ಅವರಲ್ಲಿ ಒಬ್ಬಳು ಮನೆಗೆ ಹೋಗಿ ಅದನ್ನು ಹೇಳಿದಳಂತೆ. ಮರುದಿನದಿಂದ ಅವಳನ್ನು ನಮ್ಮ ತೋಟಕ್ಕೆ ಕಳಿಸಲಿಲ್ಲ.

ಅವ್ವ ಎಲ್ಲವನ್ನೂ ಜೋಡಿ ತರುತ್ತಿದ್ದಳು. ಒಂದು ರಿಬ್ಬನ್ ಬೇಕೆಂದರೆ ಎರಡು, ಬರೆಯಲು ಒಂದು ಪಾಟಿ ಬೇಕೆಂದರೆ ಎರಡು. ಎರಡನೆಯದು ನನ್ನ ಕೈಗೆ ಬರುತ್ತಿರಲಿಲ್ಲ. ಅದು ಟ್ರಂಕು ಸೇರುತ್ತಿತ್ತು. "ಇರಲಿ, ಬೇಕಾಗ್ತೈತಿ" ಎನ್ನುತ್ತಿದ್ದಳು. ಒಮ್ಮೆ ನನ್ನ ಪಾಟಿ ಒಡೆದಾಗ ಟ್ರಂಕಿನ ಪಾಟಿ ಕೇಳಿದೆ. ಅವ್ವ ಕೊಡಲಿಲ್ಲ. ಅಂಗಡಿಗೆ ಹೋಗಿ ಹೊಸದನ್ನೇ ತಂದಳು. ಆಗಲಾದರೂ ನನಗೆ ಏನಾದರೂ ಅನಿಸಬೇಕಿತ್ತು. ನನಗೆ ಅನಿಸಿದ್ದು ಒಂದೇ, ನಮ್ಮವ್ವ ಜಿಪುಣಿಯೂ ಅಲ್ಲ, ಧಾರಾಳಿಯೂ ಅಲ್ಲ, ಬರೀ ತಲೆಕೆಟ್ಟವಳು ಎಂದು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಾನು ಅಥಣಿಯಲ್ಲಿ ಪಿಯುಸಿ ಕಾಮರ್ಸ್ ಮುಗಿಸಿದೆ. ನನಗೆ ವ್ಯಾಪಾರ ಕಲಿಯಬೇಕಿತ್ತು, ಅದಕ್ಕೊಂದು ಕಾರಣವೂ ಇತ್ತು. ಸಣ್ಣವಳಿದ್ದಾಗ ಅಪ್ಪನ ಜೊತೆ ಒಣದ್ರಾಕ್ಷಿ ಮಾರಲು ಪೇಟೆಗೆ ಹೋಗಿದ್ದೆ. ಅಲ್ಲಿ ಇಬ್ಬರು ವ್ಯಾಪಾರಿಗಳು ಒಂದು ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಒಬ್ಬರ ಬೆರಳು ಒಬ್ಬರು ಹಿಸುಕಿ, ತುಟಿ ಬಿಚ್ಚದೆ ನಮ್ಮ ಮಾಲಿನ ದರ ಗೊತ್ತುಮಾಡಿಬಿಟ್ಟರು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ವರ್ಷವಿಡೀ ಬಳ್ಳಿಯ ಮುಂದೆ ಬೊಬ್ಬೆ ಹೊಡೆಯುವ ನಮ್ಮಪ್ಪ ಅಲ್ಲಿ ಮೂಕನಾಗಿ ನಿಂತದ್ದು ನನಗೆ ಸಹಿಸಲಾಗಲಿಲ್ಲ. ಆ ಟವೆಲ್ಲಿನ ಕೆಳಗೆ ನಡೆಯುವುದೇನು ಎಂದು ತಿಳಿಯಲೇಬೇಕೆಂದು ಅಂದೇ ಹಟ ಹಿಡಿದೆ.

ಮನೆಯ ಹೊರಸಿನ ಮೇಲೆ ನಾಲ್ಕು ಮಾಹಿತಿ ಪುಸ್ತಕಗಳನ್ನು ಹರಡಿಕೊಂಡು ಒಂದು ವಾರ ಕೂತೆ. ಸಾಂಗ್ಲಿ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ. ನಾಲ್ಕರಲ್ಲೂ ಬಿಬಿಎ ಇತ್ತು. ನಾಲ್ಕರ ಮೇಲೂ ಒಂದೇ ತರಹ ನಗುವ ಹುಡುಗ ಹುಡುಗಿಯರ ಫೋಟೋ ಇತ್ತು. ಅಪ್ಪನ ಮತ ಸಾಂಗ್ಲಿಗೆ, ಯಾಕೆಂದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ನಿಪ್ಪಾಣಿಯನ್ನು ಯಾರೂ ಬೇಕೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ನನಗೆ ಬೇಕಾದದ್ದು ಕೊಲ್ಲಾಪುರ. ಅಲ್ಲಿ ಎರಡನೆಯ ವರ್ಷ ಮಾರ್ಕೆಟಿನಲ್ಲೇ ನಿಲ್ಲಿಸಿ ಕೆಲಸ ಕಲಿಸುತ್ತಾರೆಂದು ಬರೆದಿತ್ತು. ಅವ್ವ ಮಾತ್ರ ಪುಸ್ತಕ ಮುಟ್ಟದೆಯೇ ಹೇಳಿದಳು, "ಬೆಳಗಾವಿಗಿ ಹಾಕೂಣು."

"ಯಾಕ?" ಎಂದೆ.

"ಅಲ್ಲಿ ಬರೇ ಹತ್ತನೇತ್ತೆ ಮಾರ್ಕ್ಸ್ ಕಾರ್ಡ್ ಕೇಳ್ತಾರಂತ."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಕಾಲೇಜು ಆರಿಸುವ ರೀತಿಯೇ ಇದು ಎಂದು ನಾನು ಅಪ್ಪನ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಅಪ್ಪ ನಗಲಿಲ್ಲ. ಎದ್ದು ತೋಟಕ್ಕೆ ಹೋದ. ಎಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದು ಅವ್ವನಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಬೇಕಿತ್ತು. ಆಮೇಲೆ ತಿಳಿಯಿತು, ನಾನು ಪರೀಕ್ಷೆ ಬರೆಯುತ್ತಿದ್ದಾಗಲೇ ಅವಳು ಊರಿನ ಮಾಸ್ತರರನ್ನು ಹಿಡಿದು ನಾಲ್ಕೂ ಕಡೆಯ ಕಾಗದಪತ್ರದ ಬಗ್ಗೆ ವಿಚಾರಿಸಿಕೊಂಡಿದ್ದಳು.

ನನ್ನ ಹಟಕ್ಕೆ ಸೋತು ಒಂದು ದಿನ ಕೊಲ್ಲಾಪುರಕ್ಕೆ ಬಂದಳು. ಅಪ್ಪನಿಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸವಿತ್ತು, ಆದ್ದರಿಂದ ನಾವಿಬ್ಬರೇ. ಮಿರಜದ ಮೇಲೆ ಹೋಗುವ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು, ನಾನು ಅಂಚಿಗೆ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಸರಿದುಕೋ ಎಂದರೆ, "ಇರಲಿ ಬಿಡು" ಎಂದಳು. ನಿಂತಿದ್ದ ಹೆಂಗಸೊಬ್ಬಳು ಅಲ್ಲಿ ಕೂರಲು ಬಂದಳು. ಅವ್ವನ ಮುಖ ನೋಡಿ ಏನನಿಸಿತೋ, ಹಾಗೇ ಮುಂದೆ ಹೋದಳು.

ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಒಂದು ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದ. ಬಂದವರ ಊರು, ಕೆಲಸ, ಎಷ್ಟು ಜನ ಎಂದು ಬರೆಯುವುದು. ಅವನು ತಲೆಯೆತ್ತಿ ನಮ್ಮನ್ನು ನೋಡಿ, "ತಿಘೀ ನಾ?" ಎಂದ. ಮೂವರಲ್ಲವೇ ಎಂದು. ನಾನು ಹಿಂದೆ ತಿರುಗಿ ನೋಡಿದೆ. ರಸ್ತೆ ಖಾಲಿ ಇತ್ತು. ಮಧ್ಯಾಹ್ನದ ಬಿಸಿಲಿಗೆ ಒಂದು ನಾಯಿಯೂ ಹೊರಗಿರಲಿಲ್ಲ. "ದೋಘೀಚ" ಎಂದೆ, ನಾವಿಬ್ಬರೇ. ಅವನು ಆಗಲೇ ಬರೆದಿದ್ದ ಮೂರನ್ನು ಹೊಡೆದು ಎರಡು ಮಾಡಿದ. ಮಾಡಿದ ಮೇಲೂ ನಮ್ಮ ಹಿಂದಕ್ಕೆ ಇನ್ನೊಮ್ಮೆ ನೋಡಿದ.  ಅವ್ವನ ಮುಖ ಕೆಂಪಾಗಿತ್ತು, ಕಣ್ಣು ತುಂಬಿದ್ದವು. ಹೆದರಿದ್ದಾಳೆ ಎಂದುಕೊಂಡು ನಾನು ಅವಳ ಕೈ ಹಿಡಿದೆ. ಎಷ್ಟೋ ವರ್ಷಗಳ ನಂತರ ಆ ಮುಖವನ್ನು ನೆನೆಸಿಕೊಂಡಾಗ ಗೊತ್ತಾಯಿತು, ಅದು ಹೆದರಿಕೆಯಲ್ಲ. ಅವ್ವ ಅಂದು ಖುಷಿಯಾಗಿದ್ದಳು.

ಒಳಗೆ ಆಫೀಸಿನ ಮೇಡಮ್ಮು ನನ್ನ ಅಂಕಪಟ್ಟಿ ನೋಡಿ ತಲೆದೂಗಿದರು. ಸೀಟು ಸಿಗುತ್ತದೆ ಎಂದರು. ನೀವು ಹೊರರಾಜ್ಯದವರು, ಹೊಸ ಮಾದರಿಯ ಜನನ ಪ್ರಮಾಣಪತ್ರ ತನ್ನಿ, ನಾವು ಅದನ್ನು ಕೊಟ್ಟ ಕಚೇರಿಗೇ ತಿರುಗಿ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತೇವೆ ಎಂದರು. ನಾನು ಹೂಂ ಹೂಂ ಎಂದೆ, ನನಗೆ ಸ್ವರ್ಗವೇ ಸಿಕ್ಕಿತ್ತು. ಅವ್ವ ಬಾಗಿಲ ಹೊರಗೆ ನಿಂತು ಗೋಡೆಗೆ ಹಾಕಿದ ವರ್ಷವರ್ಷದ ಫೋಟೋಗಳನ್ನು, ಒಂದೊಂದು ಮುಖಕ್ಕೂ ಬೆರಳಿಟ್ಟು ನೋಡುತ್ತಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಮತ್ತೆ ಅದೇ ಮಾತು, "ಬೆಳಗಾವಿನ ಛಲೋ."

ಮುಂದಿನ ವಾರ ಅಪ್ಪನನ್ನು ಎಬ್ಬಿಸಿಕೊಂಡು ಅಥಣಿಯ ತಾಲೂಕು ಕಚೇರಿಗೆ ಹೋದೆ. ಹಳೆಯ ಜನನ ಪತ್ರ ಮನೆಯ ಟ್ರಂಕಿನಲ್ಲಿ ಗೆದ್ದಲಿಗೆ ಅರ್ಧ ಹೋಗಿತ್ತು, ಹೊಸದು ಬೇಕಿತ್ತು. ಅಪ್ಪ ದಾರಿಯುದ್ದಕ್ಕೂ ನೆಪ ಹೇಳಿದ. ಇವತ್ತು ಸಾಹೇಬರು ಇರುವುದಿಲ್ಲ, ಇವತ್ತು ಸಂತೆ, ಇವತ್ತು ಔಷಧ ಹೊಡೆಯಬೇಕಿತ್ತು ಎಂದು. ಸಾಹೇಬರು ಇದ್ದರು. ದಾಖಲೆ ಕೋಣೆಯ ಗುಮಾಸ್ತರು ಒಳ್ಳೆಯ ವಯಸ್ಸಾದ ಮನುಷ್ಯ. ನನ್ನ ಹೆಸರು, ಊರು, ತಾರೀಖು ಬರೆದುಕೊಂಡು ಒಳಗೆ ಹೋಗಿ ಒಂದು ಉದ್ದನೆಯ ರಿಜಿಸ್ಟರ್ ತಂದರು. ಧೂಳು ಜಾಡಿಸಿ ಬೆರಳು ಓಡಿಸಿದರು. ಬೆರಳು ನಿಂತಿತು. ನನ್ನ ಕಡೆ ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಈ ಹುಡುಗಿ ಎಲ್ಲಿ ಅದಾಳವ್ವ?" ಎಂದರು.

"ನಾನ ಅದೀನ್ರಿ."

"ನೀ ಅಲ್ಲ. ಇಲ್ಲಿ ಬರದಾಕಿ."

"ನನ್ನ ಹೆಸರ ಐತೇನ್ರಿ?"

"ಹೆಸರ ಐತಿ. ಅಪ್ಪಂದು, ಅವ್ವಂದು ಎಲ್ಲಾ ಬರೊಬ್ಬರಿ ಐತಿ." ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಲಿಲ್ಲ. ಅಪ್ಪನ ಕಡೆ ತಿರುಗಿಸಿದರು. "ಆದ್ರ ಇಕಿ ತೀರಕೊಂಡಾಳಲ್ರಿ, ಯಜಮಾನ್ರ."

ನಾನು ಬಗ್ಗಿ ನೋಡಿದೆ. ನೀಲಿ ಶಾಯಿಯಲ್ಲಿ ನನ್ನ ಹೆಸರು. ನಾನು ಹನ್ನೆರಡು ವರ್ಷ ಶಾಲೆಯ ಪ್ರತಿ ಕಾಗದದ ಮೇಲೆ ಬರೆದ ತಾರೀಖು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅಡ್ಡವಾಗಿ, ಮೃತ, ಅದರ ಕೆಳಗೆ ಒಂದೂವರೆ ವರ್ಷದ ನಂತರದ ಇನ್ನೊಂದು ತಾರೀಖು. ಫ್ಯಾನ್ ತಿರುಗುತ್ತಿತ್ತು, ಹೊರಗೆ ಯಾರೋ ಚಹಾದವನನ್ನು ಕೂಗುತ್ತಿದ್ದರು. ನನಗೆ ನನ್ನ ಮೈ ಮುಟ್ಟಿ ನೋಡಿಕೊಳ್ಳಬೇಕೆನಿಸಿತು. ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅದು ತಣ್ಣಗಿತ್ತು.

"ನಂದ ಎಲ್ಲಿ ಐತ್ರಿ ಹಂಗಾರ?" ಎಂದು ಕೇಳಿದೆ. ಗುಮಾಸ್ತರು ಮುಂದಿನ ಹಾಳೆ, ಅದರ ಮುಂದಿನ ಹಾಳೆ, ಮುಂದಿನ ವರ್ಷದ ಪುಸ್ತಕ, ಅದರ ಮುಂದಿನದು, ಎಲ್ಲ ತಿರುವಿದರು. ಸುಮಾರು ಅರ್ಧ ತಾಸು ಹುಡುಕಿದರು. ನಾನು ಎಲ್ಲೂ ಇರಲಿಲ್ಲ.

ಆಗ ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ತಪ್ಪು ಮಾಡಿದ ಶಾಲೆಯ ಹುಡುಗನ ದನಿಯಲ್ಲಿ ಹೇಳಿದ, "ಹೆಸರು ಹೆಂಗೂ ಇತ್ತಲ್ರಿ ಬುಕ್ಕಿನ್ಯಾಗ. ಅದ ಹೆಸರ ಇಕಿಗೂ ಇಟ್ಟಿದ್ವಿ. ಇದ್ದದ್ದನ್ನ ಮತ್ತೊಮ್ಮಿ ಯಾಕ ಬರಸೂದು ಅಂತ ಬಿಟ್ಟೆ."

ಹೋದ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಟ್ಟರೆ ಹೋದದ್ದೇ ತಿರುಗಿ ಬರುತ್ತದೆ ಎಂದು ನಮ್ಮ ಕಡೆ ಕೆಲವು ಮನೆಗಳಲ್ಲಿ ನಂಬುತ್ತಾರೆ. ಅಪ್ಪ ಅದನ್ನು ಸರಕಾರದ ಪುಸ್ತಕಕ್ಕೂ ಅನ್ವಯಿಸಿಬಿಟ್ಟಿದ್ದ. ಶಾಲೆಗೆ ಹಚ್ಚುವಾಗ ಟ್ರಂಕಿನಲ್ಲಿದ್ದದ್ದು ಒಂದೇ ಪತ್ರ, ನನಗಿಂತ ಮೊದಲು ಹುಟ್ಟಿ ತೀರಿಹೋದ ಅಕ್ಕನದು. ಅದನ್ನೇ ಕೊಟ್ಟ. ನನಗೆ ಆಗ ಐದೂ ತುಂಬಿರಲಿಲ್ಲ, ಕಾಗದದ ಮೇಲೆ ಆರೂವರೆ. ಅಂದರೆ ಹುಟ್ಟಿದ ದಾಖಲೆ ಇದ್ದವಳು ಸತ್ತಿದ್ದಳು, ಬದುಕಿದ್ದವಳು ಹುಟ್ಟಿರಲೇ ಇಲ್ಲ. ಗುಮಾಸ್ತರು ಕನ್ನಡಕ ಒರೆಸಿಕೊಂಡು ಸಮಾಧಾನದಿಂದ ತಿಳಿಸಿ ಹೇಳಿದರು. ಕೋರ್ಟಿಗೆ ಅರ್ಜಿ ಹಾಕಿ ನನ್ನ ಜನನವನ್ನು ಹೊಸದಾಗಿ ಬರೆಸಬಹುದು, ಆಮೇಲೆ ಶಾಲೆಯ ಎಲ್ಲ ಕಾಗದ ತಿದ್ದಿಸಬೇಕು, ಒಂದೆರಡು ವರ್ಷ ಹೋಗುತ್ತದೆ. ಇಲ್ಲವೇ ಇದ್ದ ಅಂಕಪಟ್ಟಿಯ ಮೇಲೆ, ಯಾರೂ ಜನನ ಪತ್ರ ಕೇಳದ ಕಡೆ ಓದಬಹುದು. "ಪತ್ರ ಕೇಳಿ ನಮಗ ತಿರುಗಿ ಬರದ್ರ ನಾವು ಇದ್ದದ್ದ ಬರೀಬೇಕಾಗ್ತೈತಿ. ಈ ಕೆಂಪ ಶಾಯಿ ಮುಚ್ಚಾಕ ಬರೂದಿಲ್ಲವ್ವ" ಎಂದರು. ಕೊಲ್ಲಾಪುರ ಅಲ್ಲಿಗೆ ಮುಗಿಯಿತು. ಸಾಂಗ್ಲಿಯೂ ಅದೇ ರಾಜ್ಯ, ಅದೇ ಪತ್ರ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ.  ನನ್ನ ತಲೆಯಲ್ಲಿ ಹಲ್ಲುಗಳು, ರಿಬ್ಬನ್, ಟ್ರಂಕಿನ ಪಾಟಿ, ನಮ್ಮ ತೋಟಕ್ಕೆ ಬರುವುದನ್ನು ನಿಲ್ಲಿಸಿದ ಗೆಳತಿ, ಎಲ್ಲ ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿರುತ್ತದೆಂದು ಯಾರೂ ಹೇಳಿರಲಿಲ್ಲ ಅಷ್ಟೇ. ಕೊನೆಗೆ ಕಲ್ಲಿನ ನೆನಪಾಯಿತು. ನನ್ನದೇ ಹೆಸರಿನವಳಿಗೆ ನಾನು ಬುದ್ಧಿ ತಿಳಿದಾಗಿನಿಂದ ನೀರು ಹಾಕುತ್ತ ಬಂದಿದ್ದೆ. 

ಮನೆ ಮುಟ್ಟುವಾಗ ಸಂಜೆ ಬಿಸಿಲು ಇನ್ನೂ ಇತ್ತು. ಅವ್ವ ಮನೆಯಲ್ಲಿರಲಿಲ್ಲ. ನಾನು ಚಪ್ಪಲಿ ಬಿಡದೆ ನೇರ ತೋಟದ ಮೂಲೆಗೆ ಹೋದೆ. ಅವಳು ಕಲ್ಲಿನ ಪಕ್ಕ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು, ಹಾಸ್ಟೆಲ್ಲಿಗೆಂದು. ಒಂದು ದೊಡ್ಡದು ಆಗಲೇ ಮುಗಿದು ಮಡಚಿಟ್ಟಿತ್ತು. ಕೈಯಲ್ಲಿದ್ದದ್ದು ಸಣ್ಣದು, ಎರಡು ಗೇಣು ಅಗಲ, ನಾಲ್ಕು ಗೇಣು ಉದ್ದ. ತಲೆಗೆ ಇಟ್ಟುಕೊಳ್ಳಲೆಂದು ಹಿಂದಿನ ವಾರ ಹೇಳಿದ್ದಳು. ಈಗ ನೋಡಿದರೆ ಅದು ಒಂದೂವರೆ ವರ್ಷದ ಕೂಸಿನ ಅಳತೆ.

"ನಾ ಅಥಣಿಗಿ ಹೋಗಿದ್ನಿ" ಎಂದೆ.

"ಗೊತ್ತೈತಿ" ಎಂದಳು. ಸೂಜಿ ನಿಲ್ಲಲಿಲ್ಲ.

ನಾನು ಕೂಗಾಡಿದೆ. ಏನೇನೋ ಅಂದೆ, ಎಲ್ಲ ನೆನಪಿಲ್ಲ. ಹದಿನಾರು ವರ್ಷ ನನ್ನನ್ನು ಸತ್ತವಳ ಅಂಗಿಯೊಳಗೆ ತುರುಕಿದ್ದೀರಿ ಎಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಯಾವುದೋ ನೆರೆಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ಎರಡ ದಿನದ ಜ್ವರ. ನೀ ಹೊಟ್ಟ್ಯಾಗ ಇದ್ದಿ. ಬಸರಿ ಹೆಣ್ಣಮಗಳು ಮಣ್ಣಿಗಿ ಬರಬಾರದಂತ ನನ್ನ ಒಳಗ ಕುಂಡ್ರಿಸಿ ಬಾಗಲಾ ಹಾಕಿದ್ರು. ಅಕಿನ್ನ ಮಣ್ಣಾಗ ಇಟ್ಟದ್ದು ನಾ ನೋಡಿಲ್ಲ. ಇಲ್ಲೇ ಅಂತ ನಿಮ್ಮಪ್ಪ ತೋರಿಸ್ಯಾನ, ಇಲ್ಲೇ ಇರಬೇಕ. ನಿನ್ನ ಶಾಲಿಗಿ ಹಚ್ಚೂ ದಿನ ಮಾಸ್ತರ ಅಕಿ ತಾರೀಖ ಬರಕೊಂಡು, ಅಕಿ ಹೆಸರ ದೊಡ್ಡದಾಗಿ ಕರದ್ರು. ನಾ ಬಾಗಲದಾಗ ನಿಂತ ಕೇಳಿದ್ನಿ. ಆವತ್ತಿಂದ ಅಕಿ ದೊಡ್ಡಾಕಿ ಆಗಾಕತ್ತಾಳ."

"ಮತ್ತ ನಾ?"

"ನೀ ಅಕಿ ಜೋಡಿ ಹೊಂಟಿದ್ದಿ."

ಅಷ್ಟು ಸರಳವಾಗಿ ಹೇಳಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ದ್ರಾಕ್ಷಿ ಎಲೆಗಳು ಅಲುಗದೆ ನಿಂತಿದ್ದವು. ಪ್ರತಿ ವರ್ಷ ಅಂಕಪಟ್ಟಿ ಬಂದಾಗ ಅವ್ವ ಅಂಕ ನೋಡುವ ಮೊದಲು ತಾರೀಖಿನ ಮೇಲೆ ಬೆರಳಾಡಿಸುತ್ತಿದ್ದದ್ದು ನೆನಪಾಯಿತು. ಸರಿಯಾಗಿ ಓದಲು ಬಾರದವಳು ಎಲ್ಲೋ ಒಂದು ಕಡೆ ಮುಟ್ಟುತ್ತಾಳೆ ಎಂದುಕೊಂಡಿದ್ದೆ.

"ಕೋರ್ಟಿಗಿ ಹೋಗಿ ನನ್ನ ತಾರೀಖ ನಾ ಬರಸ್ಕೋತೀನಿ" ಎಂದೆ.

"ಬರಸ್ಕೋ. ನಿಂದೂ ಖರೇನ ಐತಿ." ಅವಳು ಸಣ್ಣ ಕೌದಿಯನ್ನು ಮಡಿಲಲ್ಲಿ ಹರಡಿ ಮಡಿಕೆ ತೀಡಿದಳು. "ಆದ್ರ ಅಕೀದು ಬರೇ ಪಿಯುಸಿಗಿ ನಿಂತಂಗ ಆಗೂದಿಲ್ಲ. ಒಂದನೇತ್ತೆಕ್ಕೂ ಹೋಗಲಾರದಂಗ ಆಗ್ತೈತಿ. ಮತ್ತ ಆ ಒಂದೂವರಿ ವರ್ಷಕ್ಕ ಹೋಗಿ ನಿಲ್ತಾಳ."

 ಮೂರನೆಯ ದಿನ ಬೆಳಗಾವಿಯ ಫಾರ್ಮನ್ನು ಹೊರಸಿನ ಮೇಲೆ ಇಟ್ಟುಕೊಂಡು ಕೂತೆ. ಜನ್ಮ ದಿನಾಂಕ ಎಂಬಲ್ಲಿ ಎಂಟು ಸಣ್ಣ ಚೌಕಗಳು. ಅಪ್ಪ ಹಳೆಯ ಪೇಪರನ್ನು ಓದುವ ನಾಟಕ ಮಾಡುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪೆನ್ನೆತ್ತಿದಾಗ ಆ ಸದ್ದು ನಿಂತಿತು. ಅಕ್ಕನ ತಾರೀಖು ಬರೆದೆ. ಪ್ರೀತಿಯಿಂದ ಬರೆದೆನೆಂದರೆ ಸುಳ್ಳಾಗುತ್ತದೆ. ಎರಡು ವರ್ಷ ಮನೆಯಲ್ಲಿ ಕೂರುವ ಹೆದರಿಕೆಯಿತ್ತು, ಅವ್ವನ ಮೇಲೆ ಕೋಪವಿತ್ತು, ಕೊಲ್ಲಾಪುರ ಕೈತಪ್ಪಿದ ಸಂಕಟವಿತ್ತು. ಒಂದಿಷ್ಟು ಕರುಣೆಯೂ ಇತ್ತೇನೋ, ಅದು ಅವ್ವನಿಗೋ ಅಕ್ಕನಿಗೋ ತಿಳಿಯದು. ಬರೆದು ಮುಗಿಸಿದ ಮೇಲೆ ಒಳಗೆ ಮತ್ತೆ ರೊಟ್ಟಿಯ ಸದ್ದು ಶುರುವಾಯಿತು. ಕೊಲ್ಲಾಪುರದ ಮಾಹಿತಿ ಪುಸ್ತಕವನ್ನು ಸಿಟ್ಟಿನಿಂದ ಹಿತ್ತಲಿಗೆ ಎಸೆದೆ.

ಚಿಕ್ಕೋಡಿಯ ಮೇಲೆ ಹಾಯ್ದು ಬೆಳಗಾವಿಗೆ ಹೋದೆ. ಎರಡೂ ಕೌದಿ ಜೊತೆಗೆ ಬಂದವು. ತರಗತಿಯಲ್ಲಿ ಹಾಜರಿ ಕರೆಯುವಾಗ ನನಗೊಂದು ಚಟ ಅಂಟಿತು. ನನ್ನ ಹೆಸರು ಬಂದರೆ ತಕ್ಷಣ ಉತ್ತರಿಸುತ್ತಿರಲಿಲ್ಲ. ಒಂದು ಗಳಿಗೆ ಬಿಡುತ್ತಿದ್ದೆ, ಬೇರೆ ಯಾರಾದರೂ ಮೊದಲು ಹೇಳುತ್ತಾರೇನೋ ಎಂಬಂತೆ. ಮೇಷ್ಟ್ರು ಎರಡು ಸಲ ಕರೆಯಬೇಕಾಗುತ್ತಿತ್ತು. ನನ್ನ ಕಿವಿ ಮಂದ ಎಂದು ಗೆಳತಿಯರು ಚೇಷ್ಟೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಕೋಣೆಗೆ ಬಂದಾಗ, ಮಡಚಿ ತಲೆದಿಂಬಿನಡಿ ಇಟ್ಟಿದ್ದ ಸಣ್ಣ ಕೌದಿ ಮಂಚದ ನಡುವೆ ಅಚ್ಚುಕಟ್ಟಾಗಿ ಹಾಸಿತ್ತು. ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು, ಜೊತೆಯವಳು ಊರಿಗೆ ಹೋಗಿದ್ದಳು. ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬೀಳುತ್ತಿತ್ತು, ಬೆಚ್ಚಗಿರಲೇಬೇಕು. ಬೆಳಿಗ್ಗೆ ಅವಸರದಲ್ಲಿ ನಾನೇ ಹಾಸಿರಬೇಕು. ಹಾಗೆಂದು ಹೇಳಿಕೊಂಡು ನೆಲದ ಮೇಲೆ ಕೂತೆ, ಮಂಚದ ಮೇಲೆ ಕೂರಲು ಧೈರ್ಯವಾಗಲಿಲ್ಲ. ಅದನ್ನು ಮಡಚಿಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನನಗೇ ಗೊತ್ತಿಲ್ಲದೆ ಅಂದಿನ ಪಾಠವನ್ನು ಗಟ್ಟಿಯಾಗಿ ಓದತೊಡಗಿದ್ದೆ, ಬೇಡಿಕೆ, ಪೂರೈಕೆ, ಸರಾಸರಿ ವೆಚ್ಚ ಎಂದು. ಆಮೇಲೆ ಅದೂ ಚಟವಾಯಿತು. ಮೂರು ವರ್ಷ ಗಟ್ಟಿಯಾಗಿಯೇ ಓದಿದೆ.

ಪ್ರತಿ ವರ್ಷ ಚಳಿಗಾಲದಲ್ಲಿ ಅಕ್ಕನ ತಾರೀಖಿಗೆ ಅವ್ವ ಹಾಸ್ಟೆಲ್ಲಿಗೆ ಫೋನ್ ಮಾಡುತ್ತಿದ್ದಳು. "ಎಷ್ಟ ತುಂಬಿದ್ವು?" ಎಂದು ಕೇಳುತ್ತಿದ್ದಳು. "ಹತ್ತೊಂಬತ್ತು" ಎಂದೆ ಒಂದು ವರ್ಷ, "ಇಪ್ಪತ್ತು" ಎಂದೆ ಮರುವರ್ಷ. ಒಂದು ನಿಟ್ಟುಸಿರು ಕೇಳಿಸುತ್ತಿತ್ತು. ಕೊನೆಯ ವರ್ಷ ನಾನು ತಡೆಯಲಾರದೆ ಕೇಳಿದೆ, "ನಾ ಹುಟ್ಟಿದ್ದ ಯಾವತ್ತ ಬೇ?"

"ದ್ರಾಕ್ಷಿ ಛಾಟಣಿ ನಡದಿತ್ತು" ಎಂದಳು. ಬಳ್ಳಿ ಕತ್ತರಿಸುವ ಕಾಲ, ದಸರೆಯ ಆಸುಪಾಸು.

"ತಾರೀಖ?"

"ತಾರೀಖ ಯಾರ ನೋಡ್ಯಾರ? ನಾ ಆವಾಗ ಎಲ್ಲಿ ಇದ್ನೋ ಏನೋ."

ಅಕ್ಕ ಹುಟ್ಟಿದ್ದು ಸೋಮವಾರ, ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ, ಬಲಗಾಲಿನ ಮೇಲೆ ಒಂದು ಮಚ್ಚೆ. ಇದೆಲ್ಲ ಅವ್ವ ನನಗೆ ಸಣ್ಣಂದಿನಿಂದ ನನ್ನದೆಂದೇ ಹೇಳಿಕೊಟ್ಟಿದ್ದಳು. ನನ್ನ ಬಲಗಾಲಿನ ಮೇಲೆ ಮಚ್ಚೆ ಇಲ್ಲ. ಮಾಯವಾಗಿದೆ ಎಂದು ನಂಬಿದ್ದೆ. ಆ ಫೋನ್ ಇಟ್ಟ ಮೇಲೆ ಬಹಳ ಅತ್ತೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು. ಆದರೂ ಪಟ್ಟೆ.

ಎರಡು ಸಾವಿರದ ಹತ್ತು ದಾಟಿದ ಮೇಲೆ ಬಿಬಿಎ ಮುಗಿಯಿತು. ಒಳ್ಳೆಯ ಅಂಕ ಬಂದಿದ್ದವು. ಕೊನೆಯ ಅಂಕಪಟ್ಟಿ ತೆಗೆದುಕೊಂಡು ಊರಿಗೆ ಬಂದ ದಿನ ಅಮಾವಾಸ್ಯೆಯಾಗಿರಲಿಲ್ಲ. ಆದರೂ ಅವ್ವ ತಂಬಿಗೆ ತುಂಬಿಕೊಂಡು ಕಾಯುತ್ತಿದ್ದಳು. "ಸಣ್ಣ ಕೌದಿ ತಗಿ" ಎಂದಳು. ಬ್ಯಾಗಿನಿಂದ ತೆಗೆದೆ. ಮೂವರೂ ತೋಟದ ಮೂಲೆಗೆ ಹೋದೆವು, ಅಪ್ಪ, ಅವ್ವ, ನಾನು. ಅಪ್ಪ ದೂರದಲ್ಲೇ ಬಳ್ಳಿಯ ತಂತಿ ಹಿಡಿದು ನಿಂತ.

ಈ ಸಲ ಅವ್ವ ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ನೀರು ಹಾಕಿದಳು. ಅಂಕಪಟ್ಟಿಯನ್ನು ತೆಗೆದುಕೊಂಡು, ತಾರೀಖಿನ ಮೇಲೆ ಬೆರಳಿಟ್ಟು, ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ನಾನು ಅಭ್ಯಾಸದಂತೆ ಒಂದು ಗಳಿಗೆ ಕಾದೆ. ಕಬ್ಬಿನ ಗರಿಯ ಸದ್ದೂ ನಿಂತಿತ್ತು. ಅವ್ವ ಸಣ್ಣ ಕೌದಿಯನ್ನು ಕಲ್ಲಿಗೆ ಹೊದಿಸಿ, ಮೂರು ಸಲ ತಟ್ಟಿದಳು.

"ನಿಂದ ಮುಗೀತವ್ವಾ" ಎಂದಳು ಕಲ್ಲಿಗೆ. "ಇಷ್ಟ ಸಾಕ. ಇನ್ನ ಮಲಕೋ."

ಸೆರಗಿನಿಂದ ಕೈ ಒರೆಸಿಕೊಂಡು ಅವಳು ನನ್ನ ಕಡೆ ತಿರುಗಿದಳು. ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಪುಸ್ತಕವೊಂದನ್ನು ಹೊರತೆಗೆದಳು. ಮೂರು ವರ್ಷದ ಹಿಂದೆ ನಾನು ಹಿತ್ತಲಿಗೆ ಎಸೆದಿದ್ದ ಕೊಲ್ಲಾಪುರದ ಮಾಹಿತಿ ಪುಸ್ತಕ. ಮಳೆಗೆ ನೆನೆದು ಒಣಗಿ ಉಬ್ಬಿಕೊಂಡಿತ್ತು.

"ಇನ್ನ ನೀ ಹೇಳು" ಎಂದಳು. "ನೀ ಏನ ಕಲೀತಿ?"

ಆಗ ನನಗೆ ಕಾಗದದ ಮೇಲೆ ಇಪ್ಪತ್ತೊಂದೂವರೆ, ನಿಜಕ್ಕೂ ಹತ್ತೊಂಬತ್ತೂವರೆ. ಅವ್ವ ಅಕ್ಕನನ್ನು ಬಿಟ್ಟು ನನ್ನನ್ನೇ ಏನಾದರೂ ಕೇಳಿದ್ದು ಅದೇ ಮೊದಲು.